ಗ್ರೂಪಿನಿಂದ ಯಾರನ್ನೂ ತೆಗೆಯದ ಊರು

ನಮ್ಮ ಶಾಲೆಯಲ್ಲಿ ಜಪ್ತಿ ಮಾಡಿದ ಮೊಬೈಲುಗಳನ್ನು ಇಡುವುದಕ್ಕೆ ಒಂದು ರೊಟ್ಟಿ ಬುಟ್ಟಿ ಇತ್ತು. ಬಿಸಿಯೂಟದ ಅಡುಗೆಯವರು ಹಳೆಯದಾಯಿತೆಂದು ಮೂಲೆಗೆ ಎಸೆದಿದ್ದನ್ನು ನಾನೇ ಎತ್ತಿಕೊಂಡು ಬಂದು, ಒಳಗೊಂದು ಟವೆಲ್ ಹಾಸಿ, ಸಿಬ್ಬಂದಿ ಕೋಣೆಯ ಕಪಾಟಿನ ಮೇಲೆ ಇಟ್ಟಿದ್ದೆ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹುಡುಗರ ಚೀಲಗಳಲ್ಲಿ ಕೈಯಾಡಿಸಿ ಮೊಬೈಲು ಹುಡುಕುವುದು ನನ್ನ ಕೆಲಸ. ಹುಡುಗಿಯರ ಚೀಲ ನೋಡಲು ಒಬ್ಬ ಟೀಚರು ಇದ್ದರು. ಸಿಕ್ಕಿದ್ದನ್ನೆಲ್ಲ ಬುಟ್ಟಿಗೆ ಹಾಕಿ, ಅದೇ ಕಪಾಟಿನ ಕೆಳಗೆ ಕುಳಿತು ನಾವು ಮಾಸ್ತರರು ನಮ್ಮ ನಮ್ಮ ಮೊಬೈಲು ತೆಗೆಯುತ್ತಿದ್ದೆವು. ಒಬ್ಬರ ಮೊಬೈಲಿನಲ್ಲಿ ಯಾರೋ ಎಮ್ಮೆಯ ಮೇಲಿಂದ ಕೆಸರಿಗೆ ಬೀಳುತ್ತಿದ್ದರು. ಇನ್ನೊಬ್ಬರ ಮೊಬೈಲಿನಲ್ಲಿ ಯಾವಳೋ ಸೊಂಟ ಕುಣಿಸುತ್ತಿದ್ದಳು, ಅದೂ ಸದ್ದು ಸಮೇತ. ಈಗ ನೆನೆದರೆ ಹೇಸಿಗೆಯಾಗುತ್ತದೆ. ಆಗ ಆಗುತ್ತಿರಲಿಲ್ಲ. ಊರಿಗೆಲ್ಲ ಶಿಸ್ತು ಕಲಿಸುತ್ತಿದ್ದೇನೆ ಎಂಬ ಹಮ್ಮು ನನಗಿತ್ತು.

ನಾನು ಗೋಕಾಕದಲ್ಲಿ ಮನೆ ಮಾಡಿಕೊಂಡು, ಕೌಜಲಗಿ ದಾಟಿ ಮೂಡಲಗಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಗಣಿತದ ಮಾಸ್ತರ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆಯಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಶಾಲೆಯ ಇಂಟರ್ನೆಟ್ಟಿಗೆ ಸಂಬಂಧಪಟ್ಟ ಎಲ್ಲವನ್ನೂ ನನ್ನ ಕೊರಳಿಗೆ ಕಟ್ಟಿದ್ದರು. ನಾಲ್ಕು ಕಂಪ್ಯೂಟರುಗಳ ಕೋಣೆಯ ಕೀಲಿ ನನ್ನ ಹತ್ತಿರ. ವೈಫೈಯ ಪಾಸ್‌ವರ್ಡ್ ನನ್ನ ಹತ್ತಿರ. ಮಕ್ಕಳು ಏನು ನೋಡಬೇಕು, ಏನು ನೋಡಬಾರದು ಎಂದು ಬೀಗ ಹಾಕುವವನು ನಾನು. ಪಾಲಕರ ವಾಟ್ಸಾಪ್ ಗ್ರೂಪಿನ ಅಡ್ಮಿನ್ನೂ ನಾನೇ. ನನ್ನ ಜೊತೆಗೆ ಹೆಡ್‌ಮಾಸ್ತರರೂ ಅಡ್ಮಿನ್ ಆಗಿದ್ದರು, ಹೆಸರಿಗೆ.

ಈ ಗ್ರೂಪಿನ ಬಗ್ಗೆ ಸ್ವಲ್ಪ ಹೇಳಬೇಕು. ಪಾಲಕರ ಗ್ರೂಪು ಎಂದರೆ ಪಾಲಕರು ಇರಬೇಕಲ್ಲವೇ? ನಮ್ಮದರಲ್ಲಿ ಊರೇ ಇತ್ತು. ನಾಲ್ಕು ವರ್ಷದ ಹಿಂದೆ ಹತ್ತನೆಯ ತರಗತಿ ಮುಗಿಸಿ ಹೋದವನ ಅಪ್ಪ ಇದ್ದ, ಅವನ ಚಿಕ್ಕಪ್ಪ ಇದ್ದ. ಕಿರಾಣಿ ಅಂಗಡಿಯವನಿದ್ದ. ಪಂಚಾಯಿತಿಗೆ ನಿಂತು ಸೋತವನೂ ಇದ್ದ, ಗೆದ್ದವನೂ ಇದ್ದ. ತಾಯಂದಿರು ಮಾತ್ರ ಬೆರಳೆಣಿಕೆಯಷ್ಟು. ಹುಡುಗಿಯ ಹೆಸರಿನ ಮುಂದೆ ನಂಬರು ಅಂತ ಕೊಡುತ್ತಿದ್ದದ್ದು ಅಪ್ಪನದು, ಅಣ್ಣನದು, ಇಲ್ಲವೇ ಮಾವನದು. ಒಮ್ಮೆ ಸೇರಿದವರನ್ನು ತೆಗೆಯುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಗ್ರೂಪಿನಿಂದ ತೆಗೆಯುವುದೆಂದರೆ ದಾಸೋಹದ ಪಂಕ್ತಿಯಲ್ಲಿ ಉಣ್ಣುತ್ತ ಕೂತವನನ್ನು ಕೈ ಹಿಡಿದು ಎಬ್ಬಿಸಿದಂತೆ. ನಾನು ಬಂದ ಹೊಸದರಲ್ಲಿ ಇಬ್ಬರನ್ನು ತೆಗೆದಿದ್ದೆ. ಅವರಲ್ಲೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ನನ್ನ ದಾರಿ ಕಟ್ಟಿ, "ಸರ, ನಾ ಏನ್ ತಪ್ಪ ಮಾಡೇನ್ರಿ? ಊರ ಮುಂದ ಮಾರಿ ತೋರಸದಂಗ ಮಾಡಿದ್ರಲ್ರಿ" ಎಂದು ಕಣ್ಣೀರು ತೆಗೆದಿದ್ದ. ಅಂದಿನಿಂದ ನಾನು ಯಾರ ತಂಟೆಗೂ ಹೋಗಿರಲಿಲ್ಲ. ಮೊಟ್ಟೆ ಕೊಟ್ಟರೆ ಮೊಟ್ಟೆಯ ಫೋಟೋ, ಬಾಳೆಹಣ್ಣು ಕೊಟ್ಟರೆ ಬಾಳೆಹಣ್ಣಿನ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಿದ್ದೆ. ಫೋಟೋ ಇಲ್ಲದ ಮೊಟ್ಟೆ ಮಕ್ಕಳ ಹೊಟ್ಟೆಗೆ ಹೋದರೂ ಫೈಲಿಗೆ ಹೋಗುವುದಿಲ್ಲ, ಅದು ಮೇಲಿನವರ ನಿಯಮ. ನನ್ನ ಮಟ್ಟಿಗೆ ಅದು ಪಾಲಕರಿಗೆ ಹಾಕಿದ ಫೋಟೋ. ನಿಜವಾಗಿ ಅದು ಊರ ಚಾವಡಿಗೆ ಅಂಟಿಸಿದ ಫೋಟೋ.

ಕಳೆದ ವರ್ಷ ಶ್ರಾವಣ ಕಳೆದ ಮೇಲೆ ಒಬ್ಬ ದಾನಿ ಬಂದ. ಅವನ ಹುಟ್ಟುಹಬ್ಬ. ಹತ್ತನೆಯ ತರಗತಿಯವರಿಗೆಲ್ಲ ಕಂಪಾಸ್ ಪೆಟ್ಟಿಗೆ ಕೊಡುತ್ತೇನೆ ಎಂದ. ಅವನ ಹಿಂದೆ ಅಡ್ಡಾಡುವ ಮೂವತ್ತು ದಾಟಿದ ಒಬ್ಬ ಆಸಾಮಿ ಇದ್ದ. ದಾನಿಯ ಫೋಟೋ ತೆಗೆಯುವುದು, ಅದಕ್ಕೆ ಹಾಡು ಕೂಡಿಸಿ ಸ್ಟೇಟಸ್ಸಿಗೆ ಹಾಕುವುದು, ಅದೇ ಅವನ ಉದ್ಯೋಗ. ಅವನಿಗೆ ಸ್ಟೇಟಸ್ಸಿನವ ಅನ್ನೋಣ. ಅವನ ಅಕ್ಕನ ಮಗ ಎಂದೋ ನಮ್ಮ ಶಾಲೆಯಲ್ಲಿ ಓದಿದ್ದನಂತೆ, ಹಾಗಾಗಿ ಅವನೂ ಪಾಲಕರ ಗ್ರೂಪಿನಲ್ಲಿದ್ದ.

ಮಕ್ಕಳನ್ನು ಬಿಸಿಲಿನಲ್ಲಿ ಸಾಲು ನಿಲ್ಲಿಸಿದೆವು. ಎಲ್ಲರ ಪರವಾಗಿ ಗಣಿತದಲ್ಲಿ ಮುಂದಿದ್ದ ಒಬ್ಬ ಹುಡುಗಿಯನ್ನು ನಾನೇ ಮುಂದೆ ಕರೆದೆ. ಕುರಿ ಸಾಕುವ ಮನೆಯ ಹುಡುಗಿ. ಅವಳ ಊರು ಹುಕ್ಕೇರಿ ತಾಲೂಕಿನ ದಡ್ಡಿ. ಅಪ್ಪ ಹಿಂಡಿನ ಜತೆ ತಿಂಗಳುಗಟ್ಟಲೆ ಊರೂರು ಅಲೆಯುತ್ತಾನೆ, ತಾಯಿಯೂ ಮೊದಲೆಲ್ಲ ಜತೆಗೆ ಹೋಗುತ್ತಿದ್ದಳು. ಹೀಗಾಗಿ ಐದನೆಯ ತರಗತಿಯಿಂದಲೂ ನಮ್ಮ ಶಾಲೆಯಿರುವ ಊರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ದಾನಿ ಅವಳ ಕೈಗೆ ಪೆಟ್ಟಿಗೆ ಕೊಟ್ಟ. ಸ್ಟೇಟಸ್ಸಿನವ, "ಅಣ್ಣಾರ, ಇನ್ನೊಮ್ಮಿ, ಬಿಸಲ ಬಿತ್ತ್ರಿ" ಎಂದ. ದಾನಿ ಪೆಟ್ಟಿಗೆಯನ್ನು ಕಸಿದುಕೊಂಡು ಮತ್ತೆ ಕೊಟ್ಟ. "ಅಣ್ಣಾರ, ಕಣ್ಣ ಮುಚ್ಚಿದ್ರಿ." ಮತ್ತೆ ಕಸಿದುಕೊಂಡ, ಮತ್ತೆ ಕೊಟ್ಟ. ಮೂರನೆಯ ಸಲ ಹುಡುಗಿಗೆ ತಡೆಯಲಾಗದೆ ನಗು ಬಂತು. ಬಾಯಿ ತುಂಬ ನಕ್ಕಳು. ಯಾರಿಗಾದರೂ ಬರುವಂಥ ನಗು. ನಾನೂ ನಕ್ಕೆ, ಅದೇ ಕ್ಷಣಕ್ಕೆ ನನ್ನ ಮೊಬೈಲಿನಿಂದ ಒಂದು ಫೋಟೋ ತೆಗೆದೆ. ದಾನಿಯ ಅರ್ಧ ಮುಖ, ಹುಡುಗಿಯ ಪೂರ್ತಿ ನಗು. ಚೆನ್ನಾಗಿ ಬಂದಿದೆ ಅನಿಸಿತು. ಮಧ್ಯಾಹ್ನ ಗ್ರೂಪಿಗೆ ಹಾಕಿದೆ.

ಎರಡು ದಿನ ಕಳೆಯುವುದರೊಳಗೆ ಆ ನಗು ಬೇರೆಯೇ ಕಡೆ ತೇಲುತ್ತಿತ್ತು. ಸ್ಟೇಟಸ್ಸಿನವ ನಾನು ಗ್ರೂಪಿಗೆ ಹಾಕಿದ ಫೋಟೋದಿಂದಲೇ ದಾನಿಯನ್ನು ಕತ್ತರಿಸಿ, ಕಂಪಾಸ್ ಪೆಟ್ಟಿಗೆಯನ್ನು ಕತ್ತರಿಸಿ, ಹುಡುಗಿಯ ಮುಖವೊಂದನ್ನೇ ದೊಡ್ಡದು ಮಾಡಿ, ಸುತ್ತ ಕೆಂಪು ಹೃದಯಗಳನ್ನು ಉದುರಿಸಿ, ಯಾವುದೋ ಪ್ರೇಮದ ಹಾಡು ಹಚ್ಚಿ ರೀಲ್ ಮಾಡಿದ್ದ. ಕೆಳಗೆ ಊರವರ ಮಾತುಗಳು. ಅವನ್ನು ಇಲ್ಲಿ ಬರೆಯುವುದಿಲ್ಲ. ಬರೆದವರಲ್ಲಿ ಮೀಸೆ ಹಣ್ಣಾದವರಿದ್ದರು, ಹಣೆಗೆ ವಿಭೂತಿ ಹಚ್ಚಿದ ಫೋಟೋ ಇಟ್ಟುಕೊಂಡವರಿದ್ದರು, ಆ ಹುಡುಗಿಯನ್ನು ದಾರಿಯಲ್ಲಿ ಕಂಡರೆ "ತಂಗೆವ್ವಾ" ಎಂದು ಮಾತಾಡಿಸುವವರಿದ್ದರು. ಥೂ! ಹದಿನೈದು ವರ್ಷದ ಕೂಸು. ಗಟಾರಿನಲ್ಲಿ ಕೈ ಹಾಕಿದರೆ ಕೈ ತೊಳೆಯಬಹುದು. ಅದನ್ನು ಓದಿದ ಕಣ್ಣನ್ನು ಎಲ್ಲಿ ತೊಳೆಯುವುದು?

ಸೋದರಮಾವ ಅದನ್ನು ನೋಡಿದ್ದು ಹಾಲಿನ ಡೈರಿಯಲ್ಲಿ, ಇನ್ನೊಬ್ಬನ ಕೈಯಲ್ಲಿ. ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ.

ಆಮೇಲೆ ನಡೆದದ್ದು ಸಭೆ. ನಮ್ಮಲ್ಲಿ ಹೊಲಸು ಎಲ್ಲಿದ್ದರೂ ಮೊದಲು ಸಭೆ ಕೂಡುತ್ತೇವೆ. ಶಾಲೆಯ ಸಮಿತಿಯವರು, ಊರ ಹಿರಿಯರು, ಮಾಸ್ತರರು. ಪಂಕ್ತಿಯ ಕೊನೆಗೆ ಸ್ಟೇಟಸ್ಸಿನವನೂ ಕುಳಿತಿದ್ದ, ಸಭೆಯ ಫೋಟೋ ತೆಗೆಯಲು. ಒಬ್ಬ ಹಿರಿಯರು ಕೆಮ್ಮಿ ಶುರು ಮಾಡಿದರು: "ಈ ಮೊಬೈಲ್ ಬಂದು ಹೆಣ್ಣಹುಡುಗುರು ಕೆಟ್ಟ ಹೋಗ್ಯಾವ್ರಿ. ಮೊದಲ ಅವರ ಕೈಯಾಗಿಂದ ತಗೀಬೇಕು." ಎಲ್ಲರೂ ಹೌದು ಹೌದು ಎಂದರು. ಒಬ್ಬರಾದರೂ ಆ ಹುಡುಗಿಯ ಹತ್ತಿರ ಮೊಬೈಲು ಇತ್ತೇ ಎಂದು ಕೇಳಲಿಲ್ಲ. ಅವಳ ಹತ್ತಿರ ಮೊಬೈಲು ಇರಲಿಲ್ಲ. ಅವಳ ಚೀಲದಲ್ಲಿ ಎಂದೂ ಏನೂ ಸಿಕ್ಕಿರಲಿಲ್ಲ. ಆ ರೊಟ್ಟಿ ಬುಟ್ಟಿಗೆ ಅವಳಿಂದ ಒಂದು ಇಯರ್‌ಫೋನ್ ವೈರು ಕೂಡ ಬಂದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಆ ಬರೆ ಕಾಯಿಸುವುದನ್ನು ನಾನು ಕಣ್ಣಾರೆ ನೋಡುತ್ತ ಕುಳಿತಿದ್ದೆ.

"ಫೋಟೋ ಯಾರ ಹಾಕ್ಯಾರ್ರಿ ಮೊದಲ?" ಎಂದು ಯಾರೋ ಹಿಂದಿನಿಂದ ಕೇಳಿದರು. ನನ್ನ ಕೈ ತಾನಾಗಿಯೇ ಅಂಗಿಯ ಜೇಬಿನಲ್ಲಿದ್ದ ಮೊಬೈಲಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನೇ. ಹೆಡ್‌ಮಾಸ್ತರರು ನನ್ನ ಕಡೆ ನೋಡಿ, ಬೇಡ ಎಂಬಂತೆ ಕಣ್ಣಿನಲ್ಲೇ ಹೇಳಿ, "ಅದೆಲ್ಲಾ ಈಗ ಬ್ಯಾಡ್ರಿ, ಮುಂದಿನ್ದ ನೋಡೂಣು" ಎಂದರು. ನಾನು ಸುಮ್ಮನಾದೆ. ಸುಮ್ಮನಾದದ್ದಷ್ಟೇ ಅಲ್ಲ, ಹೊಸ ನಿಯಮಗಳನ್ನು ಎದ್ದು ನಿಂತು ಓದಿದವನೂ ನಾನೇ. ಹುಡುಗಿಯರ ಚೀಲವನ್ನು ದಿನಕ್ಕೆ ಎರಡು ಸಲ ನೋಡುವುದು. ಕಂಪ್ಯೂಟರ್ ಕೋಣೆಗೆ ಹುಡುಗಿಯರು ಹೋಗಬೇಕಾದರೆ ಮನೆಯಿಂದ ಚೀಟಿ ತರುವುದು. ಹುಡುಗರ ಬಗ್ಗೆ ಒಂದು ಸಾಲೂ ಇರಲಿಲ್ಲ. ಓದುವಾಗ ನನ್ನ ದನಿ ಚೆನ್ನಾಗಿ, ಸ್ಪಷ್ಟವಾಗಿ ಬಂತು.

ಹತ್ತನೆಯ ತರಗತಿಯ ಪರೀಕ್ಷೆಗೆ ಮಕ್ಕಳ ಹೆಸರು ನೋಂದಾಯಿಸುವ ಸಮಯ ಬಂತು. ಅದೂ ನನ್ನದೇ ಕೆಲಸ. ಒಬ್ಬೊಬ್ಬರ ಹೆಸರು ತುಂಬಿ, ಒಬ್ಬೊಬ್ಬರ ಭಾವಚಿತ್ರ ಏರಿಸಬೇಕು. ಅವಳ ಹೆಸರು ಬಂದಾಗ ಕೈ ನಿಂತಿತು. ವಿಚಾರಿಸಿದರೆ, ಮಾವ ಅವಳನ್ನು ದಡ್ಡಿಗೆ ತಾಯಿಯ ಹತ್ತಿರ ಕಳಿಸಿಬಿಟ್ಟಿದ್ದ. ಈ ಸಲ ಅಪ್ಪ ಹಿಂಡು ಹೊರಡಿಸಿದಾಗ ಅವಳೂ ಜತೆಗೆ ಹೋಗುತ್ತಾಳೆ ಎಂದು ಅವಳ ಗೆಳತಿ ಹೇಳಿದಳು. ಹಾಗೆ ಹೋದರೆ ಅವಳ ಓದು ಅಲ್ಲಿಗೇ ಮುಗಿಯಿತು. ಹೆಡ್‌ಮಾಸ್ತರರಿಗೆ ಹೇಳಿದೆ. "ಬಿಟ್ಟಾಳಂತ ಬರದ ಬಿಡ್ರಿ. ಮನಿಯವರಿಗೇ ಬ್ಯಾಡಾಗಿದ್ರ ನಾವೇನ್ ಮಾಡಾಕ ಆಗತೈತಿ?" ಎಂದರು. ಹಾಗೆನ್ನುವಾಗ ಅವರ ಕಣ್ಣು ಮೊಬೈಲಿನ ಮೇಲೆಯೇ ಇತ್ತು.

ಬಿಟ್ಟಳು ಎಂದು ಬರೆಯಲು ನನ್ನಿಂದ ಆಗಲಿಲ್ಲ. ಏನು ಮಾಡಬೇಕೆಂದೂ ತಿಳಿಯಲಿಲ್ಲ. ಕಂಪ್ಯೂಟರ್ ಕೋಣೆಯಲ್ಲಿ ಕುಳಿತು ಗ್ರೂಪು ತೆರೆದೆ. ಸ್ಟೇಟಸ್ಸಿನವ ಅಂದು ಬೆಳಗ್ಗೆಯೂ ಗುಲಾಬಿ ಹೂವಿನ ಚಿತ್ರ ಹಾಕಿ "ಶುಭೋದಯ, ಹೆಣ್ಣು ದೇಶದ ಕಣ್ಣು" ಎಂದು ಬರೆದಿದ್ದ. ಅವನ ಹೆಸರಿನ ಮೇಲೆ ಬೆರಳು ಒತ್ತಿ ತೆಗೆದುಹಾಕಿದೆ. ಇಡೀ ವರ್ಷದಲ್ಲಿ ಶಾಲೆಯ ಇಂಟರ್ನೆಟ್ಟಿಗಾಗಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಅದಕ್ಕೆ ಎರಡು ಸೆಕೆಂಡು ಕೂಡ ಹಿಡಿಯಲಿಲ್ಲ.

ಮರುದಿನ ಬೆಳಗ್ಗೆ ಏಳು ಜನ ಬಂದರು. ಹುಡುಗಿ ಶಾಲೆ ಬಿಟ್ಟು ತಿಂಗಳಾಗಿತ್ತು, ಅದಕ್ಕೆ ಒಬ್ಬನೂ ಬಂದಿರಲಿಲ್ಲ. ಇದಕ್ಕೆ ಏಳು ಜನ, ಎರಡು ಗಾಡಿ ಮಾಡಿಕೊಂಡು. ಹೆಡ್‌ಮಾಸ್ತರರ ಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ, ತರಗತಿಯಿಂದ ಬೆಂಚು ತರಿಸಿದರು. "ಒಂದ ಊರಾಗ ಇದ್ದಾವ್ರನ್ನ ಹಿಂಗ ತಗದ ಒಗದ್ರ ಹೆಂಗ್ರಿ ಸರ? ಅಂವಗ ಮಾನ ಮರ್ಯಾದಿ ಇಲ್ಲೇನ್ರಿ?" ಎಂದು ಹಿರಿಯರು ಕೇಳಿದರು. ಅದೇ ಹಿರಿಯರು, ಸಭೆಯಲ್ಲಿ ಕೆಮ್ಮಿದವರು. ಮೂಲೆಯಲ್ಲಿ ಬೆಂಚಿನ ತುದಿಗೆ ತಲೆ ತಗ್ಗಿಸಿ ಕುಳಿತ ಏಳನೆಯವನನ್ನು ನೋಡಿದೆ. ಹುಡುಗಿಯ ಸೋದರಮಾವ. ತನ್ನ ತಂಗಿಯ ಮಗಳ ಮುಖವನ್ನು ಊರಿಗೆ ಹಂಚಿದವನ ಮಾನ ಉಳಿಸಲು ಅವನೂ ಬಂದಿದ್ದ.

ಮಾತು ತಾನಾಗಿಯೇ ಹೊರಬಂತು. "ಆ ಫೋಟೋ ಗ್ರೂಪಿಗೆ ಮೊದಲ ಹಾಕಿದಾಂವ ನಾ. ಹುಡುಗಿ ಮೊಬೈಲ್ ಮುಟ್ಟಿಲ್ಲ. ಸಭಾದಾಗ ನಾ ಸುಮ್ನ ಕುಂತಿದ್ನಿ, ಅದು ನಂದ ತಪ್ಪು. ಏನ್ ಅನ್ನಾವ್ರದೀರಿ ನನಗ ಅನ್ರಿ" ಎಂದೆ. ಹೊಡೆಯಬಹುದು, ಕನಿಷ್ಠ ಬೈಯಬಹುದು, ಮೇಲಿನವರಿಗೆ ದೂರು ಬರೆಯಬಹುದು ಎಂದುಕೊಂಡಿದ್ದೆ. ಬೈಸಿಕೊಂಡಿದ್ದರೆ ನನಗೂ ಹಗುರಾಗುತ್ತಿತ್ತು.

ಹಿರಿಯರು ನಕ್ಕರು. "ಅಯ್ ಬಿಡ್ರಿ ಸರ. ನೀವೇನ್ ಬೇಕಂತ ಮಾಡೀರೇನು? ಮನಶಾ ಅಂದಮ್ಯಾಲ ಆಗತೈತಿ." ಉಳಿದವರೂ ತಲೆದೂಗಿದರು. ಸೋದರಮಾವ ನೆಲ ನೋಡುತ್ತಲೇ, "ಇರ್ಲಿ ಬಿಡ್ರಿ ಸರ, ನಿಮ್ಮ ಮ್ಯಾಲೇನ್ ಸಿಟ್ಟಿಲ್ರಿ" ಎಂದ. ಹಿರಿಯರು ಎದುರಿನ ಅಂಗಡಿಯಿಂದ ಚಹಾ ತರಿಸಿದರು. ಮೊದಲ ಕಪ್ಪು ನನ್ನ ಕೈಗೆ ಕೊಟ್ಟರು. ಕುಡಿದೆ. ಕುಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಕುಡಿದದ್ದು ನಿಜ.

"ಹಂಗಾರ ಹುಡುಗೀನ್ನ ಕರಕೊಂಡ ಬರ್ರಿ, ಪರೀಕ್ಷಾಕ್ಕ ಹೆಸರ ತುಂಬತೇನಿ" ಎಂದೆ ಮಾವನಿಗೆ. "ಅದು ಬ್ಯಾರೆ ಮಾತ್ರಿ ಸರ" ಎಂದ ಅವನು. "ಊರಾಗ ನಾ ಮಾರಿ ತೋರಸಬೇಕಲ್ರಿ. ನೀವು ಬೇಕಾದ್ರ ಅವ್ರ ಅವ್ವಗ ಕೇಳ್ರಿ." ಅಷ್ಟರಲ್ಲಿ ಹೆಡ್‌ಮಾಸ್ತರರು ತಮ್ಮ ಮೊಬೈಲಿನಿಂದ ಸ್ಟೇಟಸ್ಸಿನವನನ್ನು ಮರಳಿ ಗ್ರೂಪಿಗೆ ಸೇರಿಸಿಯೂ ಆಗಿತ್ತು. ಎಲ್ಲರ ಜೇಬುಗಳೂ ಟಿಣ್ ಟಿಣ್ ಎಂದವು. "ಸುಸ್ವಾಗತ" ಎಂದು ಯಾರೋ ಕೈ ಮುಗಿದ ಚಿತ್ರ ಹಾಕಿದ್ದರು.

ಬಂದ ಭಾನುವಾರ ಗೋಕಾಕದಿಂದ ಹುಕ್ಕೇರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ದಡ್ಡಿಗೆ ಹೋದೆ. ತಾಯಿ ಮನೆಯ ಮುಂದಿನ ಕಟ್ಟೆಯ ಮೇಲೆ ಉಣ್ಣೆ ಬಿಡಿಸುತ್ತ ಕುಳಿತಿದ್ದಳು. ಹುಡುಗಿ ಬಾಜೂಕ್ಕೆ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ತರಗತಿಯಲ್ಲಿ ನಿಂತಂತೆ.

ತಾಯಿ ಚಾಪೆ ಹಾಸಿದಳು, ನೀರು ಕೊಟ್ಟಳು, ಆಮೇಲೆ ನೇರವಾಗಿ ಕೇಳಿದಳು: "ಸರ, ನಮ್ಮಣ್ಣ ಹೇಳತಾನ, ಇಕಿ ಮೊಬೈಲ್ದಾಗ ಫೋಟೋ ಬಿಟ್ಟಾಳಂತ. ಮೊಬೈಲ ಇಲ್ಲದಾಕಿ ಹೆಂಗ ಬಿಡತಾಳ್ರಿ? ಯಾರ ಹಾಕ್ಯಾರ ನಿಮಗರ ಗೊತ್ತೈತೇನ್ರಿ?"

ಇಡೀ ಊರು ಕೂಡಿ ಮುಚ್ಚಿಹಾಕಿದ ಪ್ರಶ್ನೆಯನ್ನು ಶಾಲೆಯ ಮೆಟ್ಟಿಲು ಹತ್ತದ ಆ ಹೆಂಗಸು ಕೇಳಿದಳು. "ನಾನಽ ಹಾಕಿದ್ನಿ, ಯಕ್ಕಾ" ಎಂದೆ. ಸಭೆಯಲ್ಲಿ ಸುಮ್ಮನೆ ಕುಳಿತದ್ದನ್ನೂ, ಆಮೇಲೆ ಏಳು ಜನರ ಮುಂದೆ ಒಪ್ಪಿಕೊಂಡದ್ದನ್ನೂ ಹೇಳಿದೆ. ಅವಳು "ಇರ್ಲಿ ಬಿಡ್ರಿ" ಎನ್ನಲಿಲ್ಲ. ಕೈಯಲ್ಲಿದ್ದ ಉಣ್ಣೆಯನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ಕಲತಾವ್ರು ಆಗಿ ಹಿಂಗ ಮಾಡಿದ್ರೇನ್ರಿ" ಎಂದಳು. ಅಷ್ಟು ದಿನಗಳಲ್ಲಿ ನನಗೆ ಬೈದವಳು ಅವಳೊಬ್ಬಳೇ.

"ಯವ್ವಾ, ನನಗ ಗೊತ್ತಿತ್ತು" ಎಂದಳು ಹುಡುಗಿ. "ತಗದಾವ್ರು ಸರನಽ."

"ಗೊತ್ತಿದ್ರ ಮಾಮಾಗ ಯಾಕ ಹೇಳಲಿಲ್ಲ? ಅಷ್ಟ ಬಡತ ತಿಂದಿ."

ಮಾವ ಹೊಡೆದಿದ್ದ ಎಂಬುದು ನನಗೆ ತಿಳಿದದ್ದು ಆಗಲೇ. ಹುಡುಗಿ ಸೊಪ್ಪಿನ ಕಡ್ಡಿ ಮುರಿಯುತ್ತ ಹೇಳಿದಳು: "ಹೇಳಿದ್ರ ಸರ್ಗೂ ಸಾಲಿ ಬಿಡಸ್ತಾರಂತ ಅಂಜಿದ್ನಿ. ಗಣಿತ ಮತ್ತ್ಯಾರ ಹೇಳ್ತಾರ ಎಲ್ಲಾರ್ಗೂ?"

ತಾಯಿ ಕೆಳಗಿಟ್ಟ ಉಣ್ಣೆಯನ್ನು ಮತ್ತೆ ಎತ್ತಿಕೊಂಡು, ಮಗಳನ್ನು ಹಿಂಡಿನ ಜತೆ ಕಳಿಸುವುದಿಲ್ಲ, ಆದರೆ ಆ ಊರಿಗೂ ಕಳಿಸುವುದಿಲ್ಲ ಎಂದಳು. "ಇಲ್ಲೇ ಸಾಲಿಗಿ ಹಚ್ಚತೇನಿ. ಕಾಗದಾ ಏನೇನ್ ಬೇಕೋ ನೀವಽ ತಂದ ಕೊಡ್ರಿ. ಮತ್ತ ಫೋಟೋ ಗೀಟೋ ಬ್ಯಾಡ್ರಿ." ಪರೀಕ್ಷೆಗೆ ಒಂದು ಭಾವಚಿತ್ರ ಬೇಕೇ ಬೇಕು ಎಂದು ಅವಳಿಗೆ ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ಒಪ್ಪಿದಳು, ತಾನು ಎದುರಿಗೆ ನಿಂತಿರಬೇಕು ಎಂಬ ಷರತ್ತಿನ ಮೇಲೆ.

ಬಸ್ಸಿನವರೆಗೆ ಹುಡುಗಿ ಬಂದಳು. ದಾರಿಯಲ್ಲಿ ಕೇಳಿದಳು: "ಸರ, ಆ ಫೋಟೋ ನಾ ನೋಡೇ ಇಲ್ರಿ. ಭಾಳ ಕೆಟ್ಟ ಬಂದಿತ್ತೇನ್ರಿ?"

ಊರಿನಲ್ಲಿ ಅದನ್ನು ನೋಡದವಳು ಅವಳೊಬ್ಬಳೇ. "ಇಲ್ಲವ್ವಾ. ಚಲೋ ಬಂದಿತ್ತು" ಎಂದೆ.

ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಕೇಳಿದಳು: "ನೀವು ಎಲ್ಲಾರ ಮುಂದ ಖರೆ ಹೇಳಿದ್ರೆಲ್ರಿ. ನಿಮಗ ಏನ್ ಮಾಡಿದ್ರ್ರಿ?"

ಸುಳ್ಳು ಹೇಳಬಹುದಿತ್ತು. ಬೈದರು ಎನ್ನಬಹುದಿತ್ತು. ಅವಳ ಲೋಕದಲ್ಲಿ ತಪ್ಪು ಮಾಡಿದವರಿಗೆ ಏನಾದರೂ ಆಗುತ್ತದೆ ಎಂಬ ಒಂದು ನಂಬಿಕೆಯಾದರೂ ಉಳಿಯುತ್ತಿತ್ತು. ಆದರೆ ಆ ಹುಡುಗಿಯ ಮುಂದೆ ಇನ್ನೊಂದು ಸಲ ಬಾಯಿ ಹೊಲಸು ಮಾಡಿಕೊಳ್ಳಲು ಮನಸ್ಸು ಬರಲಿಲ್ಲ.

"ಚಹಾ ಕುಡಿಸಿದ್ರವ್ವಾ" ಎಂದೆ.

ತಮಾಷೆ ಎಂದುಕೊಂಡು ಅವಳಿಗೆ ನಗು ಬಂತು. ಬಂದ ಕೂಡಲೇ ವೇಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಅತ್ತ ಇತ್ತ ನೋಡಿದಳು. ನನ್ನ ಕೈಯಲ್ಲಿ ಮೊಬೈಲು ಇದೆಯೇ ಎಂದೂ ನೋಡಿದಳು.